ನುಂಗಿದ ಹನ್ನೆರಡು ಬೀಜಗಳು

ಒಂದು ಕಾಡಿನಲ್ಲಿ, ಮುಂಗಾರು ಕಾಲಿಡುವ ಮುಂಚಿನ ದಿನ. ಹೊತ್ತು ಒಂದು ಮಾರು ಏರಿತ್ತು. ಮೋಡ ಕವಿದಿತ್ತು, ಗಾಳಿಯಿರಲಿಲ್ಲ. ಹಾಜರಿದ್ದವರು ಮೂವರು: ಕಾಡಿನ ಹಿರಿಯಳಾದ ಆನೆ, ಗುಹೆಯ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದ ಮುಂಗುಸಿ, ಆನೆಯ ಸಲಹೆಗಾರ ಪುನುಗುಬೆಕ್ಕು.

ಆಸ್ಪತ್ರೆಯಲ್ಲಿ ಒಣಹುಲ್ಲಿನ ಹದಿನಾಲ್ಕು ಹಾಸಿಗೆಗಳಿದ್ದವು. ಮಳೆಗಾಲಕ್ಕೆ ಅವು ಸಾಕೇ ಎಂದು ಪ್ರತಿವರ್ಷ ಅಳಗುಳಿಮಣೆಯ ಮೇಲೆ ಆಡಿ ನೋಡುವುದು ಅಲ್ಲಿನ ಪದ್ಧತಿ. ಒಂದು ಗುಳಿ ಒಂದು ಹಾಸಿಗೆ. ಒಂದು ಬೀಜ ಒಬ್ಬ ರೋಗಿ. ಒಂದು ಸುತ್ತು ಒಂದು ದಿನ. ಕೆಂಪು ಮಂಜಟ್ಟಿ ಬೀಜ ಎಂದರೆ ಜ್ವರ. ಮೂರು ಸುತ್ತಿಗೆ ಗುಳಿ ಖಾಲಿ. ಕಪ್ಪು ಹುಣಸೆಬೀಜ ಎಂದರೆ ಮುರಿದ ಮೂಳೆ. ಮೂವತ್ತು ಸುತ್ತು ಅದು ಅಲುಗಾಡುವಂತಿಲ್ಲ.

ಹಿಂದಿನ ವರ್ಷದ ರೋಗಿಗಳನ್ನು ಎಣಿಸಿ, ಅಷ್ಟು ಬೀಜಗಳನ್ನು ಆಟದ ಚೀಲಕ್ಕೆ ತುಂಬಿದವಳು ಮುಂಗುಸಿ. ಹೊತ್ತು ತಂದವನು ಪುನುಗು. ಅವನ ಕಣ್ಣು ಹಾಸಿಗೆಯ ಹುಲ್ಲಿನ ಮೇಲಿತ್ತು. ದಾರಿಯಲ್ಲೇ ಚೀಲದಲ್ಲಿದ್ದ ಹನ್ನೆರಡೂ ಹುಣಸೆಬೀಜಗಳನ್ನು ನುಂಗಿದ್ದ.

ಆಟ ಮುಗಿಯಿತು. “ನೋಡಿ ಅಜ್ಜಿ, ನಾಲ್ಕು ಗುಳಿ ಕೊನೆಯವರೆಗೂ ಖಾಲಿ! ಆ ಹಾಸಿಗೆಗಳು ಯಾರಿಗೆ? ಮುಂಗುಸಿಯಕ್ಕ ಹೊರಳಾಡೋದಕ್ಕಾ?” ಎಂದ ಪುನುಗು.

“ನಾನು ಹಾಕಿದ್ದ ಕಪ್ಪು ಬೀಜ ಒಂದೂ ಬರಲಿಲ್ಲ. ಚೀಲ ಕೊಡವಿ ತೋರಿಸು,” ಎಂದಳು ಮುಂಗುಸಿ.

“ಬೇರೆಯವರ ಕಾಲು ಮುರೀಲಿ ಅಂತ ಕಾಯೋ ವೈದ್ಯಳನ್ನ ಇವತ್ತೇ ಕಂಡೆ, ಅಜ್ಜಿ!”

ಆನೆ ನಕ್ಕಳು. ಮುಂಗುಸಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹಿರಿಯರ ಮುಂದೆ ಹಟ ಸಲ್ಲದು ಎಂದುಕೊಂಡಳು. ನಾಲ್ಕು ಹಾಸಿಗೆಗಳ ಹುಲ್ಲು ಪುನುಗಿನ ಪೊಟರೆ ಸೇರಿತು.

ಮಳೆ ಹಿಡಿಯಿತು. ಬಂಡೆಗಳಿಂದ ಜಾರಿದ ಜಿಂಕೆಗಳು ಬಂದವು. ಉಳಿದ ಹತ್ತು ಹಾಸಿಗೆಗಳೂ ತುಂಬಿದವು, ಯಾರೂ ಏಳುವಂತಿರಲಿಲ್ಲ. ಕಾಡಿನಲ್ಲಿ ಒಣಹುಲ್ಲು ಒಂದೆಳೆಯೂ ಉಳಿದಿರಲಿಲ್ಲ, ಪುನುಗಿನ ಪೊಟರೆಯದೂ ನೆನೆದು ಕೊಳೆತಿತ್ತು. ಜ್ವರದವರು ಮಳೆಯಲ್ಲೇ ಸಾಲುಗಟ್ಟಿದರು. ಸಾಲಿನಲ್ಲಿ ನಾಲ್ಕನೆಯವಳು ಮುಂಗುಸಿಯ ಮಗಳು.

“ಅಮ್ಮಾ, ನನ್ನ ಸರದಿ ಯಾವಾಗ?”

“ಬರುತ್ತೆ, ಮಗಳೇ. ಎಲೆ ಹೊದ್ದುಕೋ.”

ಮುಂಗುಸಿ ಸರದಿ ತಪ್ಪಿಸಲಿಲ್ಲ. ಮಣೆಯಲ್ಲಿ ಖಾಲಿಯಿದ್ದ ನಾಲ್ಕು ಗುಳಿಗಳು ಅವಳ ಕಣ್ಣಿಗೆ ಕಟ್ಟಿದ್ದವು. ಮೂರನೆಯ ದಿನ ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಹಾಸಿಗೆ ತೆರವಾಗಿರಲಿಲ್ಲ. ಮಗಳು ತೀರಿಕೊಂಡಿದ್ದಳು.

ಮಣ್ಣು ಮಾಡಿ ಬಂದವಳು ಮತ್ತೆ ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಪುನುಗು ಕಾಲೆಳೆಯುತ್ತ ಬಂದ. ಹಣ್ಣಿಗೆಂದು ಬೈನೆ ಮರ ಹತ್ತಿ ಬಿದ್ದಿದ್ದ.

“ಅಕ್ಕಾ, ಮೂಳೆ ಮುರಿದಿದೆ. ಒಂದು ಹಾಸಿಗೆ ಕೊಡು.”

 ಅವನ ಹಿಂದೆಯೇ ಬಂದ ಆನೆ, ಸೊಂಡಿಲಿನಲ್ಲಿದ್ದ ಸಸಿಗಳನ್ನು ಬಾಗಿಲ ಬಳಿಯಿದ್ದ ಮಣೆಯ ಮೇಲೆ ಒಂದೊಂದಾಗಿ ಇಟ್ಟಳು. ಹುಣಸೆ ಸಸಿಗಳು, ಹನ್ನೆರಡು. ಪುನುಗಿನ ಪೊಟರೆಯ ಬುಡದಲ್ಲಿ, ಅವನು ದಿನವೂ ಹೇಲುವ ಜಾಗದಲ್ಲಿ ಮೊಳೆತಿದ್ದವು.

ಪುನುಗು ತಲೆ ತಗ್ಗಿಸಿದ. ಆನೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ನೀನು ಆಡಿಸಿದ ಆಟದಲ್ಲಿ ಮೂಳೆ ಮುರಿದವರೇ ಇರಲಿಲ್ಲ. ನಿನಗೆ ಹಾಸಿಗೆಯಿಲ್ಲ, ಸಾಲಿನ ಕೊನೆಗೆ ಹೋಗು. ಚೀಲ ಕೊಡವಿಸದೆ ನಕ್ಕ ನನಗೆ ಕ್ಷಮೆಯಿಲ್ಲ.”

ನೀತಿ: ಬರಲಿರುವ ಕಷ್ಟವನ್ನು ಲೆಕ್ಕದಿಂದ ಕದ್ದರೂ ಕಷ್ಟ ಬಂದೇ ಬರುತ್ತದೆ, ಕದ್ದವನಷ್ಟೇ ಅಲ್ಲ, ಪರೀಕ್ಷಿಸದೆ ಒಪ್ಪಿದವರೂ ಅದಕ್ಕೆ ಹೊಣೆ.