ತಿಪ್ಪಮ್ಮ ಬೈದ ಪಿಕ್ಚರು, ಓಬಳೇಶ ಮಾಡಿದ ಕೆಲಸ

ಕೇಳ್ರಪ್ಪಾ, ಹಿರಿಯೂರಿನ ಕಡೆ ಒಂದೂರು. ಆ ಊರಿಗೆ ಒಂದೇ ಒಂದು ತಗಡಿನ ಟಾಕೀಸು. ಟಾಕೀಸಿನ ಬಾಗಿಲಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯೋಳು ತಿಪ್ಪಮ್ಮ. ಅವಳಿಗೆ ಒಬ್ಬನೇ ಮಗ, ಓಬಳೇಶ. ಆಳು ನೋಡಿದ್ರೆ ಗರಡಿಯಿಂದ ಎದ್ದು ಬಂದಂಗಿದ್ದ. ಆದ್ರೆ ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವನ ರೋಗ.

"ಹಾಲು ಉಕ್ಕೋದನ್ನ ನೋಡ್ಕೊಳ್ಳೋ" ಅಂದ್ರೆ, ಉಕ್ಕಿ ಒಲೆ ಆರೋ ತನಕ ನೋಡ್ತಾ ಕೂತ. ಹೋಟ್ಲಿನ ಕೆಲಸ ಹೋಗಿದ್ದು ಹಂಗೇ. ಅದಾದ ಮೇಲೆ ಇನ್ನೆರಡು ಕಡೆಯಿಂದಲೂ ಓಡಿಸಿದ್ರು.

"ಅಯ್ಯೋ, ನಿನ್ನ ಯಾವ ಗಳಿಗೇಲಿ ಹೆತ್ತೆನಪ್ಪಾ!" ಅಂತ ತಲೆ ಚಚ್ಚಿಕೊಂಡ್ಲು ತಿಪ್ಪಮ್ಮ. ಆದ್ರೆ ಸುಮ್ನೆ ಕೂರೋಳಲ್ಲ. ಟಾಕೀಸಿನ ಮರುಳಪ್ಪ ಸಾವ್ಕಾರ್ರ ಕೈಕಾಲು ಹಿಡಿದು ಮಗನನ್ನ ಅಲ್ಲೇ ಪಿಕ್ಚರು ಓಡಿಸೋ ಮಷೀನು ರೂಮಿಗೆ ಸೇರಿಸಿದ್ಲು. ಏನೇ ಆಗ್ಲಿ, ಈ ಕೆಲಸದಲ್ಲಿ ಇವನ್ನ ನಿಲ್ಲಿಸೇ ತೀರ್ತೀನಿ ಅಂತ ಹಟ ತೊಟ್ಲು.

ತಿಪ್ಪಮ್ಮನಿಗೂ ಒಂದು ಹುಚ್ಚಿತ್ತು. ಶುಕ್ರವಾರ ಹೊಸ ಪಿಕ್ಚರು ಬಂತು ಅಂದ್ರೆ ಒಲೆ ಆರಿಸಿ ಮ್ಯಾಟ್ನಿಗೆ ಹೋಗಿ ಕೂರೋಳು. ಆಸೆಯಿಂದ ಹೋಗೋಳು, ಉಗೀತಾ ಬರೋಳು.

ಮೊದಲನೇ ಶುಕ್ರವಾರ ಬಂದ್ಲು. "ಥೂ! ಇದೂ ಒಂದು ಪಿಕ್ಚರಾ? ಹೀರೋಗೆ ನನ್ನಷ್ಟು ವಯಸ್ಸು, ಕಾಲೇಜಿಗೆ ಹೋಗ್ತಾನಂತೆ! ಒಂದು ಕಾಗದ ಓದೋಕೆ ಅರ್ಧ ಗಂಟೆ! ಎಳ್ದಿದ್ದೇ ಎಳ್ದಿದ್ದು! ಕತ್ತರಿ ಹಾಕೋಕೆ ಒಬ್ಬನೂ ಇರ್ಲಿಲ್ವಾ?"

"ನಾನಿದ್ದೀನಲ್ಲವ್ವಾ!" ಅಂದ ಓಬಳೇಶ.

ಕತ್ತರಿ ತಗೊಂಡು ಮಷೀನು ರೂಮಿಗೆ ಹೋದ. ರೀಲಿಗೆ ಕಚಕ್ ಕಚಕ್ ಅಂತ ಹಾಕಿದ. ಸಾಯಂಕಾಲದ ಆಟದಲ್ಲಿ ಹೀರೋ ಕಾಲೇಜಿನ ಮೆಟ್ಟಿಲು ಹತ್ತಿದ, ಇಳಿಯೋ ಹೊತ್ತಿಗೆ ಮೊಮ್ಮಗನ ತೊಟ್ಟಿಲು ತೂಗ್ತಿದ್ದ!

"ಮದುವೆ ಯಾವಾಗ ಆಯ್ತಲೇ?" ಅಂತ ಜನ ಕೂಗಿದ್ರು.

ಸಾವ್ಕಾರ್ರು ಕುಣಿದಾಡಿದ್ರು. ತಿಪ್ಪಮ್ಮ ಬೆನ್ನಿಗೆ ಗುದ್ದಿದ್ಲು. "ಲೇ ಪೆದ್ದಾ! ತುಂಡು ಮಾಡ್ಬಾರ್ದು ಕಣೋ! ತುಂಡಾಗಿದ್ದು ಕಂಡ್ರೆ ಅಂಟಿಸ್ಬೇಕು!"

"ಹೂಂ ಕಣವ್ವಾ. ಅಂಟಿಸ್ತೀನಿ."

ಎರಡನೇ ಶುಕ್ರವಾರ ಮಷೀನಿನ ಸಹವಾಸವೇ ಬೇಡ ಅಂತ ಸಾವ್ಕಾರ್ರು ಅವನನ್ನ ಗೇಟಿಗೆ ಹಾಕಿದ್ರು. ಓಬಳೇಶ ಟಿಕೆಟ್ಟು ಹರಿದ. "ಅಯ್ಯೋ, ತುಂಡಾಯ್ತಲ್ಲಾ!" ಪೋಸ್ಟರಿನ ಮೈದಾ ಅಂಟು ಪಕ್ಕದಲ್ಲೇ ಇತ್ತು. ಹರಿದ, ಅಂಟಿಸಿದ, ಊದಿ ಒಣಗಿಸಿದ. "ಹೋಗಿ ಅಣ್ಣಾ." ಮತ್ತೆ ಹರಿದ, ಅಂಟಿಸಿದ, ಊದಿ ಒಣಗಿಸಿದ. ಸಾಲು ಬಸ್‌ಸ್ಟ್ಯಾಂಡ್ ಮುಟ್ಟಿತು. ಒಳಗೆ ತಿಪ್ಪಮ್ಮನೂ ಇನ್ನು ನಾಲ್ಕು ಜನಾನೂ ಬಿಟ್ರೆ ಬರೀ ಬೆಂಚುಗಳ ಮುಂದೆ ಪಿಕ್ಚರು ಓಡ್ತಿತ್ತು.

ತಿಪ್ಪಮ್ಮ ಹೊರಗೆ ಬಂದ್ಲು. "ಹೊರಗೆ ನಿಂತೋರೇ ಪುಣ್ಯವಂತರು! ಅತ್ತೆ ಸೊಸೆಗೆ ವಿಷ ಹಾಕ್ತಾಳೆ, ಸೊಸೆ ಅತ್ತೆಗೆ ವಿಷ ಹಾಕ್ತಾಳೆ. ನನಗೂ ಯಾರಾದ್ರೂ ಹಾಕ್ಬಾರ್ದಾ ಅನ್ನಿಸ್ತು!" ಆಮೇಲೆ ಮಗನ ಕಡೆ ತಿರುಗಿದ್ಲು. "ಗೇಟಲ್ಲಿ ನಿಂತೋನು ಜನಾನ ಸರಸರ ಒಳಗೆ ತಳ್ಳಬೇಕು ಕಣೋ! ಒಬ್ಬರೂ ಹೊರಗೆ ಉಳೀಬಾರ್ದು!"

"ಹೂಂ ಕಣವ್ವಾ. ತಳ್ತೀನಿ."

ಮೂರನೇ ಶುಕ್ರವಾರದ ಪಿಕ್ಚರಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಇಂಟರ್ವಲ್ ಬಿಟ್ಟಿದ್ದೇ ಜನ ಮನೆ ದಾರಿ ಹಿಡಿದ್ರು. ಗೇಟಲ್ಲಿ ಓಬಳೇಶ!

"ಒಳಗೆ! ಒಳಗೆ!"

"ಮನೆಗೆ ಹೋಗ್ತೀವಿ ಬಿಡೋ!"

"ಹೊರಗೆ ಉಳೀಬಾರ್ದು! ಒಳಗೆ!"

ಎಲ್ಲರನ್ನೂ ತಳ್ಳಿದ, ಹೆತ್ತ ತಾಯೀನೂ ತಳ್ಳಿದ, ಚಿಲಕ ಹಾಕಿದ. ಊರಿಗೂರೇ ಕೂತು ಪೂರ್ತಿ ಪಿಕ್ಚರು ನೋಡ್ಬೇಕಾಯ್ತು.

"ತಿಪ್ಪಮ್ಮಾ, ಇನ್ನೊಂದು ಸಲ ಹಿಂಗಾದ್ರೆ ನಿನ್ನ ಮಗನೂ ಇಲ್ಲ, ನಿನ್ನ ಬಜ್ಜಿ ಒಲೆಯೂ ಇಲ್ಲ!" ಅಂದ್ರು ಸಾವ್ಕಾರ್ರು.

ತಿಪ್ಪಮ್ಮನಿಗೆ ಇಪ್ಪತ್ತು ವರ್ಷ ಊಟ ಹಾಕಿದ ಒಲೆ ಅದು. ಆದ್ರೂ ಕೈಚೆಲ್ಲಲಿಲ್ಲ. ಮಗನ ಕಿವಿ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದ್ಲು. "ನೋಡು ಮಗಾ. ಬರೋರು ಬರ್ಲಿ, ಹೋಗೋರು ಹೋಗ್ಲಿ. ಯಾವನಾದ್ರೂ ಕುಡುಕ ಕಾಟ ಕೊಟ್ರೆ, ಅವನ್ನ ಹೊರಗೆ ಹಾಕು ಅಂತ ಜನ ಕೂಗ್ತಾರೆ. ಆಗ ಅವನು ಯಾರು, ಏನು ಅಂತ ನೋಡ್ಬೇಡ. ಎತ್ತು, ಹೊರಗೆ ಹಾಕು. ಅಷ್ಟೇ!"

"ಎತ್ತು, ಹೊರಗೆ ಹಾಕು. ಹೂಂ ಕಣವ್ವಾ."

ನಾಲ್ಕನೇ ಶುಕ್ರವಾರ ಓಬಳೇಶ ಕಲ್ಲಿನಂಗೆ ನಿಂತಿದ್ದ. ಬರೋರು ಬಂದ್ರು, ಹೋಗೋರು ಹೋದ್ರು. ತಿಪ್ಪಮ್ಮನಿಗೆ ಸ್ವಲ್ಪ ಜೀವ ಬಂತು. ಆರಾಮಾಗಿ ಕೂತು ಪರದೆ ನೋಡಿದ್ಲು. ಅಲ್ಲಿ ಹೀರೋನ ತಾಯಿ "ನೀರು, ನೀರು" ಅಂತ ಮಂಚದ ಮೇಲೆ ಒದ್ದಾಡ್ತಿದ್ದಾಳೆ. ಹೀರೋ ಹಾಡ್ತಿದ್ದಾನೆ! ಒಂದು ಹಾಡು ಮುಗೀತು. ನೀರು ತರಲಿಲ್ಲ. ಇನ್ನೊಂದು ಶುರು ಮಾಡಿದ!

ತಿಪ್ಪಮ್ಮನಿಗೆ ತಡಕೊಳ್ಳೋಕಾಗ್ಲಿಲ್ಲ. ಬೆಂಚಿನ ಮೇಲೆ ಎದ್ದು ನಿಂತ್ಲು. "ಹೆತ್ತೋಳ ಬಾಯಿಗೆ ನೀರು ಬಿಡೋದು ಬಿಟ್ಟು ಕುಣೀತಾನಲ್ರೋ! ಈ ಬೇವರ್ಸೀನ ಹೊರಗೆ ಹಾಕ್ರೋ!"

"ಹೊರಗೆ ಹಾಕ್ರೋ!" ಅಂತ ಟಾಕೀಸೆಲ್ಲ ಕೂಗಿತು.

ಓಬಳೇಶ ದಡದಡ ಬಂದ. ಹಗ್ಗ ಬಿಚ್ಚಿದ, ಪರದೆ ಸುತ್ತಿದ, ಹೆಗಲಿಗೇರಿಸಿದ. ಹಿಂದಿನ ಟಾರು ಬಳಿದ ಗೋಡೆ ಮೇಲೆ ಏನೂ ಕಾಣ್ಲಿಲ್ಲ. ಹಾಡು ಮಾತ್ರ ಕೇಳ್ತಿತ್ತು.

"ನಿಲ್ಲಿಸೋ!" ಅಂತ ಬಿಳೀ ಜುಬ್ಬದ ಸಾವ್ಕಾರ್ರು ಕೈ ಅಗಲಿಸಿ ಅಡ್ಡ ಬಂದ್ರು. ಅವರ ದೊಡ್ಡ ಹೊಟ್ಟೆ ಮೇಲೆ ಹೀರೋ ಕುಣಿಯೋಕೆ ಶುರು ಮಾಡಿದ!

"ಇಲ್ಲಿ ಅವಿತ್ಕೊಂಡಿದ್ದೀಯಾ?" ಅಂತ ಓಬಳೇಶ ಪರದೆ ಬಿಸಾಕಿದ, ಸಾವ್ಕಾರ್ರನ್ನ ಎತ್ತಿದ.

"ಬಿಡೋ! ಅವರು ಸಾವ್ಕಾರ್ರು ಕಣೋ!" ಅಂತ ತಿಪ್ಪಮ್ಮ ಓಡಿದ್ಲು.

"ಯಾರು ಏನು ಅಂತ ನೋಡ್ಬಾರ್ದವ್ವಾ!"

ಹೊರಗಿನ ಬಿಸಿಲಿಗೆ ತಂದು ಸಾವ್ಕಾರ್ರನ್ನ ಇಳಿಸಿದ. ಜುಬ್ಬ ನೋಡಿದ. ಹೀರೋ ಇಲ್ಲ! ಜುಬ್ಬ ಎತ್ತಿ ನೋಡಿದ. ಅಲ್ಲೂ ಇಲ್ಲ! ಹೊಟ್ಟೆಗೆ ಕಿವಿಯಿಟ್ಟು ಕೇಳಿದ. ಒಳಗೆ ಗುರ್ ಗುರ್ ಅಂತಿತ್ತು.

"ಅವ್ವಾ!" ಅಂತ ಸಾವ್ಕಾರ್ರ ದವಡೆ ಬಿಗಿಯಾಗಿ ಹಿಡಿದು ಕೂಗಿದ ಓಬಳೇಶ. "ಒಳಗೆ ಸೇರ್ಕೊಂಡು ಇನ್ನೂ ಹಾಡ್ತಾವ್ನೆ! ಒಂದು ಚೊಂಬು ಉಪ್ಪುನೀರು ತಗೊಂಬಾ, ಕಕ್ಕಿಸಿ ಹೊರಗೆ ಹಾಕ್ತೀನಿ!"