ಐದು ಜಾಲತಾಣ, ಒಂದು ಹೋಳಿಗೆ ಊಟ

ನನ್ನ ಅಕ್ಷರ ಸೊಟ್ಟ, ಭಾಷೆ ಬಡವಾದುದು. ಮೊದಲೇ ಕ್ಷಮೆ ಬೇಡುತ್ತೇನೆ.

ಚಿತ್ರಕಲಾ ಕಾಲೇಜಿನ ನೀಲಾಂಬಿಕೆ, ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವವರನ್ನೇ ಕೇಳಿ ಕೌದಿಯ ಕುರಿತು ಪ್ರಬಂಧ ಬರೆದಿದ್ದಳು.

“ಐದು ಜಾಲತಾಣ ಬ್ಯಾರೇನ ಹೇಳತಾವ. ತಿದ್ದು, ಇಲ್ಲಾ ಫೇಲ್!” ಎಂದು ಪ್ರಾಧ್ಯಾಪಕ ಗುರುಪಾದಪ್ಪನವರು ಗದರಿದರು.

ಅಳುತ್ತ ಬಂದು ಸಂಗತಿ ಹೇಳಿದವಳಿಗೆ ಗ್ರಂಥಾಲಯದ ಜವಾನ, “ಮಧ್ಯಾಹ್ನತನಕ ತಡಿಯವ್ವ” ಎಂದ.

ಮಧ್ಯಾಹ್ನ ಕಾಲೇಜಿನ ಐವರು ಒಬ್ಬರ ಹಿಂದೊಬ್ಬರು ಪ್ರಾಧ್ಯಾಪಕರ ಬಳಿ ಬಂದರು. “ಇವತ್ತ ಎಲ್ಲಾರಿಗೂ ನಿಮ್ಮದ ಹೋಳಿಗಿ ಊಟಂತಲ್ರಿ ಸರ?”

“ಶುದ್ಧ ಸುಳ್ಳು!”

ನೀಲಾಂಬಿಕೆಯೊಂದಿಗೆ ಬಾಗಿಲಲ್ಲಿದ್ದ ಜವಾನ ವಿನಯದಿಂದ ನುಡಿದ: “ಐದು ಮಂದಿ ಹೇಳಿದ್ದು ಸುಳ್ಳ ಹೆಂಗಾಗತೈತ್ರಿ? ಐದೂ ಮಂದಿಗೆ ಹೇಳಿದಾಂವ ಮಾತ್ರ ನಾ ಒಬ್ಬನ.”

ಪ್ರಾಧ್ಯಾಪಕರು ಮೊಬೈಲ್ ತೆರೆದರು. ಐದೂ ತಾಣಗಳಲ್ಲಿ ಅದೇ ವಾಕ್ಯ, ಅದೇ ತಲೆಕೆಳಗಾದ ಕೌದಿಯ ಚಿತ್ರ.

“ಪಾಸಾದಿ, ಹೋಗು” ಎಂದು ನೀಲಾಂಬಿಕೆಗೆ ಗೊಣಗಿದವರು, ಮತ್ತೆ ಕರೆದು ಕೇಳಿದರು: “ಆ ಕೌದಿ ಹೊಲಿಯೋ ಅವ್ವಾರ ಮನಿ ಎಲ್ಲೈತಿ?”

ನನ್ನ ಬರಹದಲ್ಲಿ ತಪ್ಪಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.