ಊಟಕ್ಕೆ ಕೂತು ಏಳದ ರಾಜ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡೋಣ ಅಂದ್ರೆ ಇದು ಊರಲ್ಲ, ದೇಶ. ಆದ್ರೆ ದೇಶ ಎಷ್ಟು ಚಿಕ್ಕದು ಅಂದ್ರೆ, ಆ ಕಡೆ ಯಾರಾದರೂ ಒಗ್ಗರಣೆ ಹಾಕಿದರೆ ಈ ಕಡೆಯವರು ಸೀನಬೇಕು. ಅದರಿಂದಲೇ ಯುದ್ಧ ಬಂದಿದ್ದು. ಏಯ್, ಈಗಲೇ ನಗಬೇಡಿ! ನಗೋ ಜಾಗ ಬಂದಾಗ ನಾನೇ ಹೇಳ್ತೀನಿ.

ಆ ದೇಶದ ರಾಜನ ಹೆಸರು ಬಿಂಕದರಾಯ. ಒಂದು ದಿನ ಅವನು ಕನ್ನಡಿ ಮುಂದೆ ಕೂತು ಮೀಸೆ ತಿರುವುತ್ತಿದ್ದ. ಬಲಮೀಸೆ ಆಯ್ತು. ಎಡಮೀಸೆಗೆ ಕೈ ಹಾಕಿದ. ಅಷ್ಟರಲ್ಲಿ ಪಕ್ಕದ ದೇಶದ ಒಂದು ಅಡುಗೆಮನೆಯಿಂದ ಒಣಮೆಣಸಿನಕಾಯಿ ಒಗ್ಗರಣೆ ಘಾಟು ಬಂತು. ರಾಜ ಸೀನಿದ. ತಿರುವಿದ ಮೀಸೆ ಬಿಚ್ಚಿಕೊಂಡು ಜೋತುಬಿತ್ತು.

"ನನ್ನ ಅಪ್ಪಣೆ ಇಲ್ಲದೆ ಗಡಿ ದಾಟಿ ಬಂತಾ ಆ ಘಾಟು? ಯುದ್ಧ!" ಅಂದ ರಾಜ.

ಪಕ್ಕದ ದೇಶದವರು ಸುಮ್ಮನಿರ್ತಾರಾ? "ನಿಮ್ಮ ರಾಜ ಸೀನಿದ್ದಕ್ಕೆ ನಮ್ಮ ಒಲೆ ಆರಿಹೋಯ್ತು. ಮೊದಲು ದಾಳಿ ಮಾಡಿದ್ದು ನಿಮ್ಮ ಮೂಗು. ಯುದ್ಧ!" ಅಂದ್ರು ಅವರೂ.

ಯುದ್ಧ ಶುರುವಾಯ್ತು. ಆ ಕಾಲದ ಯುದ್ಧ ಹೇಗಿತ್ತು ಅಂದ್ರೆ, ಗಡಿಯಲ್ಲಿ ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು. ಸಾಲಿನ ಮೊದಲನೆಯವನು ಹೋಗಿ ಕಾದಾಡಬೇಕು. ಅವನು ಸತ್ತರೆ ಹಿಂದಿನವನು ಒಂದು ಹೆಜ್ಜೆ ಮುಂದೆ ಬರಬೇಕು. ಗಡಿಯಲ್ಲಿ ಒಂದು ನಗಾರಿ ಇತ್ತು. ಅದಕ್ಕೆ ಮಾತು ಬರುತ್ತಿತ್ತು. ಈ ಕಡೆಯವನೊಬ್ಬ ಸತ್ತಾಗಲೆಲ್ಲಾ ಅದು "ಢಂ! ಒಬ್ಬ ಹೋದ, ಸಾಲು ಮುಂದೆ!" ಅಂತ ಕೂಗುತ್ತಿತ್ತು. ಆ ಕೂಗು ಅರಮನೆವರೆಗೂ ಕೇಳುತ್ತಿತ್ತು. ರಾಜ ಮಾತ್ರ ಅದನ್ನ ಗುಡುಗು ಅಂದುಕೊಂಡಿದ್ದ.

ಆ ಸಾಲಿನಲ್ಲಿ ಗೂಳಪ್ಪ ಅಂತ ಒಬ್ಬ ನಿಂತಿದ್ದ. ಅವನ ಹೆಂಡತಿ ದ್ಯಾವಕ್ಕ. ಅವಳು ದಿನಾ ಅಂಗಳದಲ್ಲಿ ನಿಂತು ನಗಾರಿಗೆ ಕಿವಿ ಕೊಡುತ್ತಿದ್ದಳು. ಒಂದು ಢಂ ಅಂದ್ರೆ ಗಂಡ ಒಂದು ಹೆಜ್ಜೆ ಮುಂದೆ. ಗಂಡನ ಮುಂದೆ ಇನ್ನು ನಾಲ್ಕೇ ಜನ ಉಳಿದರು ಅಂತ ಗೊತ್ತಾದ ದಿನ ಅವಳ ಜೀವ ಬಾಯಿಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಅರಮನೆಗೆ ನಡೆದಳು.

"ಯುದ್ಧ ನಿಲ್ಲಿಸಿ ದೊರೆ, ನಮ್ಮನೆಯವರು ಸಾಲಿನಲ್ಲಿ ಮುಂದೆ ಬಂದುಬಿಟ್ಟಿದ್ದಾರೆ" ಅಂದಳು.

"ನಾನೂ ನಿಲ್ಲಿಸೋಣ ಅಂತಲೇ ಇದೀನಮ್ಮ," ಅಂದ ರಾಜ. "ಆದ್ರೆ ತೆಂಗಿನಕಾಯಿ ಒಡೆದು ಆಣೆ ಮಾಡಿಬಿಟ್ಟಿದ್ದೀನಲ್ಲ! ಲೋಕದ ದೇಶಗಳೆಲ್ಲಾ ಸೇರಿ ನನ್ನೆದುರು ಒಟ್ಟಿಗೆ ಎದ್ದು ನಿಂತ ದಿನ ಯುದ್ಧ ನಿಲ್ಲಿಸ್ತೀನಿ ಅಂತ. ಅವರು ನೋಡಿದರೆ ಏಳೋದೇ ಇಲ್ಲ."

ರಾಜನಿಗೆ ಅದೊಂದೇ ಚಿಂತೆ. ಸೈನ್ಯಕ್ಕೆ ಅಕ್ಕಿ ಇದೆಯಾ ಅಂತ ಕೇಳಿದವನಲ್ಲ. ಲೋಕ ನನ್ನ ಬಗ್ಗೆ ಏನನ್ನುತ್ತೆ, ಲೋಕ ನನ್ನ ಬಗ್ಗೆ ಏನನ್ನುತ್ತೆ, ಇದೇ ಜಪ. ಅದಕ್ಕೇ ಎಲ್ಲಾ ದೇಶದ ದೂತರನ್ನೂ ಕರೆಸಿ ಅರಮನೆಯಲ್ಲಿ ಕೂರಿಸಿಕೊಂಡಿದ್ದ. ಕತ್ತಿನಾಡಿನ ದೂತ ರಾಜನಿಗೆ ಕತ್ತಿ ಮಾರುವವನು. "ಇವರು ಮಹಾವೀರರು!" ಅಂತ ಎದ್ದು ನಿಲ್ಲುತ್ತಿದ್ದ. ಅವನು ಎದ್ದ ಅಂತಲೇ ಗುರಾಣಿನಾಡಿನ ದೂತ ಧೊಪ್ಪನೆ ಕೂರುತ್ತಿದ್ದ. ಅವನು ಪಕ್ಕದ ದೇಶಕ್ಕೆ ಗುರಾಣಿ ಮಾರುವವನು. "ಇವನು ರಾಕ್ಷಸ! ರಾಕ್ಷಸನ ಮುಂದೆ ಏಳಲ್ಲ" ಅನ್ನುತ್ತಿದ್ದ. ಅಡ್ಡಗೋಡೆನಾಡಿನ ದೂತ ಏಳುತ್ತಲೂ ಇರಲಿಲ್ಲ, ಕೂರುತ್ತಲೂ ಇರಲಿಲ್ಲ. ಮೊಣಕಾಲು ಅರ್ಧ ಮಡಿಸಿ, "ನಮಗೆ ತೀವ್ರ ಕಳವಳವಾಗಿದೆ" ಅನ್ನುತ್ತಿದ್ದ. ಏನು ಕಳವಳ, ಯಾಕೆ ಕಳವಳ, ಕೇಳಿದರೆ ಇನ್ನೂ ತೀವ್ರ ಕಳವಳ. ಸಮುದ್ರದಾಚೆಯ ದೂರದ್ವೀಪದಿಂದಲೂ ಒಬ್ಬ ದೂತ ಬಂದಿದ್ದ, ಅವನಿಗೆ ಬಿಂಕದರಾಯ ಅಂದ್ರೆ ರಾಜನೋ ಮಾವಿನಹಣ್ಣಿನ ತಳಿಯೋ ಅನ್ನೋದೇ ಗೊತ್ತಿರಲಿಲ್ಲ. "ನಮ್ಮ ಕಡೆ ಇದನ್ನ ಉಪ್ಪಿನಕಾಯಿ ಹಾಕ್ತಾರೆ" ಅಂತ ಕೂತೇ ಇರುತ್ತಿದ್ದ.

ಹೂಂ, ಇಲ್ಲಿ ಬೇಕಾದರೆ ನಗಿ.

ದ್ಯಾವಕ್ಕ ಎಲ್ಲಾ ನೋಡಿದಳು. ಢಂ! ಒಬ್ಬ ಹೋದ, ಸಾಲು ಮುಂದೆ! ಗಂಡನ ಮುಂದೆ ಇನ್ನು ಮೂವರು.

"ದೊರೆ," ಅಂದಳು, "ಇವರಿಗೆಲ್ಲಾ ಒಂದು ಊಟ ಹಾಕಿಸಿ. ಪಂಕ್ತಿಯಲ್ಲಿ ಕೂರಿಸಿ. ಪಂಕ್ತಿ ಊಟ ಅಂದ ಮೇಲೆ ಒಬ್ಬೊಬ್ಬರೇ ಏಳೋ ಹಾಗಿಲ್ಲ. ಎದ್ದರೆ ಎಲ್ಲರೂ ಒಟ್ಟಿಗೆ ಏಳಬೇಕು. ನೀವು ಮುಂದೆ ಇರಿ. ಅವರು ಎದ್ದಾಗ ನಿಮ್ಮೆದುರೇ ಎದ್ದಂತಾಯ್ತು. ಆಣೆ ತೀರಿತು."

"ಆಹಾ! ನನ್ನ ತಲೆಗೆ ಹೇಗೆ ಹೊಳೀತು ನೋಡು!" ಅಂದ ರಾಜ. ಹೊಳೆದಿದ್ದು ಯಾರ ತಲೆಗೆ? ಇರಲಿ ಬಿಡಿ, ರಾಜರ ತಲೆಗೆ ಹೊಳೆಯೋದೆಲ್ಲಾ ಹೀಗೇ.

ಎಲೆ ಹಾಕಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಹೋಳಿಗೆ, ತುಪ್ಪ. ಬಡಿಸೋಕೆ ದ್ಯಾವಕ್ಕನೇ ನಿಂತಳು. ತಪ್ಪಾಗಿದ್ದು ಆಮೇಲೆ. ಹೋಳಿಗೆ ನೋಡಿದ್ದೇ ರಾಜನ ಬಾಯಲ್ಲಿ ನೀರೂರಿ, ತಾನೂ ಹೋಗಿ ಪಂಕ್ತಿಯ ತುದಿಯಲ್ಲಿ, ಮೊದಲನೇ ಮಣೆ ಮೇಲೆ ಕೂತುಬಿಟ್ಟ!

ಅಯ್ಯೋ ಶಿವನೇ! ಪಂಕ್ತಿಯಲ್ಲಿ ದೊಡ್ಡವರು ಕೂತರೆ ಮೊದಲು ಅವರೇ ಏಳಬೇಕು. ಆಮೇಲೆ ಉಳಿದವರು. ನಿಮಗೂ ಗೊತ್ತು, ನನಗೂ ಗೊತ್ತು, ದ್ಯಾವಕ್ಕನಿಗೂ ಗೊತ್ತಿತ್ತು. ಆದ್ರೆ ಮಣೆ ಮೇಲೆ ಕೂತವನನ್ನ ಏಳಪ್ಪ ಅಂತ ಎಬ್ಬಿಸೋಕಾಗುತ್ತಾ? ಮಹಾಪಾಪ.

ಮಜ್ಜಿಗೆ ಅನ್ನವೂ ಮುಗೀತು. ಎಲ್ಲರೂ ರಾಜನ ಮುಖ ನೋಡಿದರು.

"ನೀವು ಏಳಿ," ಅಂದ ರಾಜ. "ನೀವು ಏಳದೆ ನಾನು ಹೇಗೆ ಏಳಲಿ? ನನ್ನ ಆಣೆ ಏನಾಗಬೇಕು?"

"ತಾವು ಏಳದೆ ನಾವು ಹೇಗೆ ಏಳೋಣ? ಪಂಕ್ತಿ ಏನಾಗಬೇಕು?" ಅಂದ ಕತ್ತಿನಾಡಿನವನು.

"ಏಳೋ ರಾಕ್ಷಸ, ಕೈ ಒಣಗ್ತಿದೆ!" ಅಂದ ಗುರಾಣಿನಾಡಿನವನು.

"ಕೈ ಒಣಗುತ್ತಿರುವ ಬಗ್ಗೆ ನಮಗೆ ತೀವ್ರ ಕಳವಳವಾಗಿದೆ" ಅಂದ ಅಡ್ಡಗೋಡೆಯವನು.

ದ್ವೀಪದವನು ಇನ್ನೊಂದು ಹೋಳಿಗೆ ಕೇಳಿದ.

ಕೂತರು. ಕೂತೇ ಕೂತರು. ಎಂಜಲು ಕೈ ಒಣಗಿ ಬಿಳೀ ಆಯ್ತು. ಕೂತಲ್ಲೇ ಮತ್ತೆ ಶುರುವಾಯ್ತು ಜಗಳ. ವೀರ, ರಾಕ್ಷಸ, ವೀರ, ರಾಕ್ಷಸ. ವೀರ ಅಂದವನು ಎಲೆಯನ್ನ ತನ್ನ ಕಡೆಗೆ ಮಡಿಸಿದ. ರಾಕ್ಷಸ ಅಂದವನು ತಿಥಿ ಊಟದ ಹಾಗೆ ಎಲೆಯನ್ನ ಆಚೆಗೆ ಮಡಿಸಿದ. ಕಳವಳದವನು ಎಲೆಯನ್ನ ಮಡಿಸದೆ ಎತ್ತಿ ಹಿಡಿದುಕೊಂಡ, ಸಾರೆಲ್ಲಾ ತೊಡೆ ಮೇಲೆ ಸುರೀತು.

ಢಂ! ಒಬ್ಬ ಹೋದ, ಸಾಲು ಮುಂದೆ! ಢಂ! ಒಬ್ಬ ಹೋದ, ಸಾಲು ಮುಂದೆ!

ಈಗ ಗೂಳಪ್ಪನ ಮುಂದೆ ಒಬ್ಬನೇ.

ದ್ಯಾವಕ್ಕ ಕೈಯಲ್ಲಿದ್ದ ತುಪ್ಪದ ಗಿಂಡಿ ಕೆಳಗಿಟ್ಟಳು. ಅಳು ತಡೆಯೋಕಾಗದೆ ಅವಳು ರಾಜನ ಎಲೆ ಮುಂದೆ ಕುಸಿದು ಕೂತಳು. ಆಗ ನೆಲದಿಂದ ಒಂದು ಸಣ್ಣ ದನಿ ಬಂತು. ರಾಜ ಕೂತಿದ್ದ ಮಣೆ ಮಾತಾಡುತ್ತಿತ್ತು.

"ಲೋಕದವರನ್ನೆಲ್ಲಾ ಕೇಳಿದರು, ನನ್ನನ್ನ ಮಾತ್ರ ಯಾರೂ ಕೇಳಲಿಲ್ಲ," ಅಂತು ಮಣೆ.

"ನೀನೇನು ಹೇಳ್ತೀಯಾ?" ಅಂದಳು ದ್ಯಾವಕ್ಕ.

"ಹತ್ತಿರದಿಂದ ನೋಡಿದವರಿಗೆ ಇವನು ವೀರ. ದೂರದಿಂದ ನೋಡಿದವರಿಗೆ ರಾಕ್ಷಸ. ನಾನು ಕೆಳಗಿಂದ ನೋಡಿದವನು. ನನಗೆ ಗೊತ್ತಿರೋದು ಒಂದೇ. ಭಾರ."

"ಹಾಗಾದರೆ ಎದ್ದುಬಿಡೋ ಮಾರಾಯ! ನೀನು ಎದ್ದರೆ ಅವನೂ ಏಳ್ತಾನೆ."

"ಸುಮ್ಮನೆ ಏಳ್ತಾರಾ ಯಾರಾದರೂ? ನನಗೊಂದು ಆಸೆ ಇದೆ. ಹುಟ್ಟಿದಾಗಿನಿಂದ ಎಲ್ಲರೂ ನನ್ನ ಮೇಲೆ ಕೂತರು. ನಾನು ಒಂದು ಸಲವೂ ಕೂತಿಲ್ಲ. ನನಗೂ ಯಾರ ಮೇಲಾದರೂ ಕೂರಬೇಕು."

"ನನ್ನ ತಲೆ ಮೇಲೆ ಕೂತ್ಕೋ. ಸಾಯೋವರೆಗೂ ಹೊರ್ತೀನಿ."

"ನೀರಿಗೆ ಹೋಗುವಾಗ?"

"ಹೊರ್ತೀನಿ."

"ಮಲಗುವಾಗ?"

"ಕೂತೇ ಮಲಗ್ತೀನಿ. ಬೇಗ ಏಳೋ, ನಿನ್ನ ಕಾಲಿಗೆ ಬೀಳ್ತೀನಿ!"

ಮಣೆಗೆ ಇದ್ದಿದ್ದೇ ಎರಡು ಮೋಟು ಕಾಲು. ಅದು ಮೈ ಮುರಿದು, ಲಟಲಟ ಅಂದು, ಕಾಲು ಚಾಚಿ ಎದ್ದು ನಿಂತಿತು. ರಾಜ ತೂಗಾಡುತ್ತಾ ಮೇಲಕ್ಕೆ ಹೋದ. ತಲೆ ತೊಲೆಗೆ ಬಡಿದು ಕಿರೀಟ ಕಿವಿಯವರೆಗೂ ಇಳೀತು. ರಾಜ ಮೇಲಕ್ಕೆ ಹೋದದ್ದು ಕಂಡದ್ದೇ ತಡ, ಇಡೀ ಪಂಕ್ತಿ ಧಡಾರ್ ಅಂತ ಎದ್ದಿತು. ವೀರ ಅಂದವನೂ ಎದ್ದ, ರಾಕ್ಷಸ ಅಂದವನೂ ಎದ್ದ, ಕಳವಳದವನು ಹುಟ್ಟಿದಾಗಿನಿಂದ ಮೊದಲನೇ ಸಲ ಪೂರ್ತಿ ಎದ್ದ.

"ಎದ್ದರು! ಲೋಕವೆಲ್ಲಾ ನನಗಾಗಿ ಎದ್ದು ನಿಂತಿತು! ಯುದ್ಧ ಸಾಕು!" ಅಂತ ತೊಲೆ ಹಿಡಿದುಕೊಂಡು ಕೂಗಿದ ಬಿಂಕದರಾಯ.

ಢಂ! ಒಬ್ಬ ಹೋದ, ಅಂತು ನಗಾರಿ. ಸಾಲು ಮುಂದೆ ಅನ್ನೋಕೆ ಬಾಯಿ ತೆರೆಯೋ ಹೊತ್ತಿಗೆ ಆ ಕೂಗು ಅಲ್ಲಿಗೆ ಮುಟ್ಟಿತು. ನಗಾರಿ ಬಾಯಿ ಮುಚ್ಚಿತು. ತನ್ನ ಚರ್ಮ ತಾನೇ ಬಿಚ್ಚಿ, ಮಡಚಿ ಪಕ್ಕಕ್ಕಿಟ್ಟು, ಮಲಗಿಬಿಟ್ಟಿತು.

ಕೈ ತೊಳೆಯೋ ಜಾಗದಲ್ಲಿ ದೂತರ ಜಗಳ ಮತ್ತೆ ಹತ್ತಿಕೊಂಡಿತು. ರಾಜ ತಾನಾಗಿ ಎದ್ದನೋ, ಯಾರೋ ಎಬ್ಬಿಸಿದರೋ? ನಾವು ಎದ್ದದ್ದು ಗೌರವಕ್ಕೋ, ಹೊಟ್ಟೆ ತುಂಬಿದ್ದಕ್ಕೋ? ಒಬ್ಬರ ಮೇಲೊಬ್ಬರು ನೀರು ಎರಚಾಡಿದರು. ದ್ವೀಪದವನು ಮಾತ್ರ ಊರಿಗೆ ಹೋಗಿ, ಬಿಂಕದರಾಯ ಬಲು ಸಿಹಿ, ನಾರು ಮಾತ್ರ ಜಾಸ್ತಿ ಅಂತ ಹೇಳಿದನಂತೆ.

ಗೂಳಪ್ಪ ಮನೆಗೆ ಬಂದ. ದ್ಯಾವಕ್ಕ ಬಾಗಿಲಲ್ಲಿ ನಿಂತಿದ್ದಳು, ತಲೆ ಮೇಲೆ ಮಣೆ ಕೂತಿತ್ತು.

"ಅದೇನೇ ತಲೆ ಮೇಲೆ?"

"ಕೂತಿದೆ. ಮಾತಾಡಿಸಬೇಡಿ, ಅದಕ್ಕೆ ಜಂಬ ಬಂದಿದೆ" ಅಂದಳು. ಅಂದು ಗಂಡನ ಭುಜ ಹಿಡಿದುಕೊಂಡು ಗೊಳೋ ಅಂತ ಅತ್ತಳು.

ಊರಿನವರೆಲ್ಲಾ ಬಂದು ಮುತ್ತಿಕೊಂಡರು. "ಗೂಳಪ್ಪ, ನೀನು ಯುದ್ಧದಲ್ಲೇ ಇದ್ದವನು. ನೀನೇ ಹೇಳಪ್ಪ. ನಮ್ಮ ರಾಜ ವೀರನೋ, ರಾಕ್ಷಸನೋ?"

ಗೂಳಪ್ಪ ಬಾಗಿಲಲ್ಲೇ ಕೂತುಬಿಟ್ಟ.

"ನನಗೆ ರಾಜ ಕಾಣಿಸಲೇ ಇಲ್ಲ," ಅಂದ. "ನನಗೆ ಕಾಣ್ತಿದ್ದದ್ದು ಮುಂದಿನವನ ಬೆನ್ನು. ಅಂಗಿಗೆ ಒಂದು ತೇಪೆ ಇತ್ತು. ಚೆನ್ನಾಗಿ ಹಾಕಿದ್ದರು, ಸಣ್ಣ ಸಣ್ಣ ಹೊಲಿಗೆ. ಮನೆಯವಳು ಹಾಕಿದ್ದು ಅಂದಿದ್ದ. ಯಾವೂರು ಅಂತ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಢಂ ಅಂತು."

 ಊರಿನವನೊಬ್ಬ ಕೆಮ್ಮಿ, "ಅದು ಸರಿ, ಆದ್ರೂ ವೀರನೋ ರಾಕ್ಷಸನೋ?" ಅಂದ.

ಕತೆ ಇಷ್ಟೇ. ಇದರ ನೀತಿ ಏನು ಅಂತ ಬಾಯಿ ತೆರೀತಿದ್ದೀರಿ, ಗೊತ್ತು. ನೀತಿ ಏನಂದ್ರೆ, ಇಂಥ ಪ್ರಶ್ನೆ ತೀರ್ಮಾನ ಮಾಡೋಕೆ ಕೂತವರಿಗೆ ಯಾವತ್ತೂ ಹೋಳಿಗೆ ಬಡಿಸಬಾರದು. ಈ ಕತೆ ನಿಜವಾ ಅಂತ ಕೇಳಿದವರ ಮೂಗು ಉದ್ದ ಆಗಲಿ, ಸುಳ್ಳು ಅಂದವರ ಮೂಗು ಇನ್ನೂ ಉದ್ದ ಆಗಲಿ. ಹೋಗಿ, ನಾನು ಮಲಗಬೇಕು.